ಎರಡು ಮೀಟರಿನ ಮೇಲೆ ಅಕ್ಕ

ದಡ್ಡರನ್ನು ಮಷೀನಕ್ಕ ಹೇಗೋ ಸಹಿಸಿಕೊಳ್ಳುತ್ತಿದ್ದಳು. ಓದಿಕೊಂಡ ದಡ್ಡರು ಮಾತ್ರ ಅವಳಿಗೆ ಆಗಿಬರುತ್ತಿರಲಿಲ್ಲ. ಹ್ಯಾಮ್ ರೇಡಿಯೋ ಕ್ಲಬ್ಬಿನಲ್ಲಿ ಇರುವವರೆಲ್ಲ ಹೆಚ್ಚುಕಮ್ಮಿ ಎರಡನೆಯ ಪಂಗಡದವರೇ ಎಂದು ಅವಳು ಇಪ್ಪತ್ತೆರಡು ವರ್ಷದಿಂದ ನಂಬಿದ್ದಳು. ಆ ನಂಬಿಕೆಗೆ ಧಕ್ಕೆ ತರುವಂಥ ಕೆಲಸವನ್ನು ಅಲ್ಲಿ ಯಾರೂ ಇನ್ನೂ ಮಾಡಿರಲಿಲ್ಲ.

ಅವಳ ಕಸುಬು ಹೊಲಿಗೆ ಮಷೀನು ರಿಪೇರಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಮಷೀನು ತಂದವರು "ನೋಡಿ, ಹೊಸದರ ಹಾಗೇ ಇಟ್ಕೊಂಡಿದೀನಿ" ಎಂದು ಹೊಳೆಯುವ ಮೈ ತೋರಿಸಿದರೆ, ಅವಳು ಮಾತಾಡದೆ ಅದನ್ನು ಮಗುಚಿ ಹಾಕುವಳು. ಹೊಟ್ಟೆಯ ಕಡೆ ಒಂದು ಸಲ ನೋಡಿದರೆ ಸಾಕು: ಎಣ್ಣೆ ಕಾಣದ ಕೀಲು, ಸಿಕ್ಕಿಕೊಂಡ ನೂಲಿನ ಉಂಡೆ, ಯಾವನೋ ಪುಣ್ಯಾತ್ಮ ಸುತ್ತಿಗೆಯಿಂದ ಬಡಿದು ಕೂರಿಸಿದ ತಿರುಪು. "ಮೇಲೆ ಥಳಕು, ಒಳಗೆ ಹುಳುಕು" ಅನ್ನುವಳು. ಮಷೀನಿಗೆ ಹೇಳಿದಳೋ ತಂದವರಿಗೆ ಹೇಳಿದಳೋ, ಅದು ಅವರವರ ಮರ್ಯಾದೆಗೆ ಬಿಟ್ಟದ್ದು.

ಅದೇ ಕೋಣೆಯ ಮೂಲೆಯಲ್ಲಿ, ಬಾಬಿನ್ ಡಬ್ಬಿಗಳ ಪಕ್ಕ, ಅವಳ ಹಳೆಯ ರೇಡಿಯೋ ಸೆಟ್ಟು. ದಿನಾ ಬೆಳಿಗ್ಗೆ ಆರೂವರೆಗೆ ಅವಳು ಅದರಲ್ಲಿ ಅಕ್ಕನನ್ನು ಕರೆಯುವಳು. ಅಕ್ಕ ಇರುವುದು ಅರವತ್ತು ಕಿಲೋಮೀಟರ್ ಆಚೆಯ ಊರಲ್ಲಿ. ಆಪರೇಷನ್ ಥಿಯೇಟರಿನಲ್ಲಿ ಮೂವತ್ತು ವರ್ಷ ನರ್ಸಾಗಿದ್ದು ನಿವೃತ್ತಳಾದವಳು. ಇಬ್ಬರೂ ಒಂದೇ ವರ್ಷ ಲೈಸೆನ್ಸ್ ಪರೀಕ್ಷೆ ಕಟ್ಟಿದ್ದರು. ಅಕ್ಕನಿಗೆ ಎರಡು ಅಂಕ ಜಾಸ್ತಿ ಬಂದಿತ್ತು. ಅದನ್ನು ಅವಳು ಮರೆತಿರಲಿಲ್ಲ, ಮರೆಯಲು ಬಿಟ್ಟೂ ಇರಲಿಲ್ಲ.

ಫೋನಿನಲ್ಲಿ ಅಕ್ಕತಂಗಿಯರ ಮಾತು ನಿಂತು ನಾಲ್ಕು ವರ್ಷವಾಗಿತ್ತು. ಕಾರಣ ಇಷ್ಟೇ. ಅಕ್ಕನ ಮಗಳಿಗೆ ಗಂಡು ಗೊತ್ತಾದಾಗ ಮಷೀನಕ್ಕ ಹುಡುಗನನ್ನು ಒಂದು ಗಂಟೆ ನೋಡಿ, "ಈ ಹುಡುಗನಿಗೆ ಬೆನ್ನುಮೂಳೆ ಹಾಕೋದನ್ನೇ ಮರೆತಿದಾರೆ. ಅಮ್ಮನ ಮುಖ ನೋಡ್ಕೊಂಡು ಉಸಿರಾಡ್ತಾನೆ" ಎಂದು ತುಂಬಿದ ಮನೆಯಲ್ಲಿ ಹೇಳಿಬಿಟ್ಟಳು. ಆ ಮಾತು ತಪ್ಪಾಗಿದ್ದರೆ ಅಕ್ಕ ಕ್ಷಮಿಸಿಬಿಡುತ್ತಿದ್ದಳು. ಗ್ರಹಚಾರಕ್ಕೆ, ವರ್ಷ ತುಂಬುವುದರೊಳಗೆ ಅದು ನಿಜವಾಗಿಬಿಟ್ಟಿತು.

ಅಂದಿನಿಂದ ಫೋನಿಲ್ಲ, ಹೋಗಿಬರುವುದಿಲ್ಲ. ರೇಡಿಯೋ ಮಾತ್ರ ನಡೆಯುತ್ತಿತ್ತು. ರೇಡಿಯೋದಲ್ಲಿ ಬೈಯುವ ಹಾಗಿಲ್ಲ, ಲೈಸೆನ್ಸ್ ಹೋಗುತ್ತೆ. ಮನೆಯ ರಂಪ ತೆಗೆಯುವ ಹಾಗಿಲ್ಲ, ನಾಲ್ಕು ಜನ ಕೇಳಿಸಿಕೊಳ್ಳುತ್ತಾರೆ. ಕರೆಸಂಕೇತ ಹೇಳಬೇಕು, ನಿನ್ನ ದನಿ ಇಷ್ಟು ಚೆನ್ನಾಗಿ ಬರ್ತಿದೆ ಅನ್ನಬೇಕು, ಮೋಡ ಇದೆ ಬಿಸಿಲಿದೆ ಅನ್ನಬೇಕು, ಓವರ್ ಅನ್ನಬೇಕು. ಐದು ನಿಮಿಷ. ಆ ಐದು ನಿಮಿಷಕ್ಕೆ ಮಷೀನಕ್ಕ ಐದೂವರೆಗೇ ಎದ್ದು ತಲೆ ಬಾಚಿಕೊಂಡು ಕೂರುತ್ತಿದ್ದಳು.

"ಒಂದ್ಸಲ ಫೋನ್ ಮಾಡಿದ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದು ಗಂಡ ಕೇಳಿದ್ದ. ಅಂಚೆ ಕಚೇರಿಯಲ್ಲಿ ಕೆಲಸ. ವಿಳಾಸ ಸರಿಯಿದ್ದರೆ ಎಲ್ಲವೂ ತಲುಪುತ್ತದೆ ಎಂದು ನಂಬಿದ ಮನುಷ್ಯ.

"ಫೋನಲ್ಲಿ ಏನು ಬೇಕಾದ್ರೂ ಮಾತಾಡಬಹುದು ಕಣ್ರೀ. ಅದಕ್ಕೇ ಬೇಡ."

ಹೀಗೆ ನಡೆಯುತ್ತಿದ್ದದ್ದಕ್ಕೆ ಕಲ್ಲು ಹಾಕಿದ್ದು ಅಕ್ಕನ ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿ. ಮಹಡಿಯ ಮೇಲೆ ಕಟ್ಟಿದ್ದ ಇಪ್ಪತ್ತು ಮೀಟರ್ ಉದ್ದದ ಆಂಟೆನಾ ತಂತಿ ಕಟ್ಟಡದ ಅಂದ ಕೆಡಿಸುತ್ತದೆ ಎಂದು ಅವನ ವಾದ. ನೀರಿನ ಟ್ಯಾಂಕಿಗೆ ಗುಲಾಬಿ ಬಣ್ಣ ಬಳಿಸಿದವನೂ ಅವನೇ.

"ಮಧ್ಯಾಹ್ನ ತಂತಿ ಇಳಿಸ್ತಾರೆ" ಎಂದಳು ಅಕ್ಕ ಆ ಕೊನೆಯ ಬೆಳಿಗ್ಗೆ, ಥಿಯೇಟರಿನಲ್ಲಿ ಹತ್ತಿಪಟ್ಟಿ ಎಣಿಸಿದಷ್ಟೇ ತಣ್ಣಗೆ. "ಬಾಲ್ಕನಿಯಲ್ಲಿ ಸಣ್ಣ ಆಂಟೆನಾ ಇಟ್ಕೋಬಹುದಂತೆ. ಎರಡು ಮೀಟರ್ ಬ್ಯಾಂಡಿನ ಸೆಟ್ಟು ತಗೊಂಡಿದೀನಿ. ನೂರ ನಲವತ್ತನಾಲ್ಕು ಪಾಯಿಂಟ್ ಮೂರು ಮೆಗಾಹರ್ಟ್ಜ್. ಈ ತಿಂಗಳ ಕೊನೇ ತನಕ ಇದೇ ಹೊತ್ತಿಗೆ ಕೇಳ್ತೀನಿ. ಯಾರೂ ಬರದೇ ಇದ್ರೆ ಸೆಟ್ಟು ಕೊಟ್ಟುಬಿಡ್ತೀನಿ. ಓವರ್."

ಯಾರೂ ಅಂದರೆ ಯಾರು ಎಂದು ಕೇಳಬೇಕಾದ್ದೇ ಇರಲಿಲ್ಲ. ತಿಂಗಳು ಮುಗಿಯಲು ಹದಿನೇಳು ದಿನ ಇತ್ತು.

ಮಷೀನಕ್ಕನ ಸೆಟ್ಟು ಗಟ್ಟಿಮುಟ್ಟು, ಆದರೆ ಮೂವತ್ತು ಮೆಗಾಹರ್ಟ್ಜ್‌ಗಿಂತ ಮೇಲೆ ಹತ್ತಲು ಬಾರದು. ವಿಎಚ್‌ಎಫ್ ಅನ್ನುವ ಮೇಲಿನ ಮನೆಗೆ ಅದನ್ನು ಹತ್ತಿಸಬೇಕಾದರೆ ನಡುವೆ ಟ್ರಾನ್ಸ್‌ವರ್ಟರ್ ಎಂಬ ಒಂದು ಡಬ್ಬ ಬೇಕು. ಅತ್ತೆಯ ಮಾತನ್ನು ಗಂಡನಿಗೂ ಗಂಡನ ಮಾತನ್ನು ಅತ್ತೆಗೂ ಅವರವರ ಕಿವಿಗೆ ಹಿಡಿಸುವ ಹಾಗೆ ದಾಟಿಸುವ ಸೊಸೆ ಇರುತ್ತಾಳಲ್ಲ, ಹಾಗೆ. ಇಪ್ಪತ್ತೆಂಟರಲ್ಲಿ ಹಳೇ ಸೆಟ್ಟು ಆಡಿದ್ದನ್ನು ನೂರ ನಲವತ್ತನಾಲ್ಕಕ್ಕೆ ಎತ್ತುತ್ತದೆ. ಅಲ್ಲಿ ಕೇಳಿದ್ದನ್ನು ಇಪ್ಪತ್ತೆಂಟಕ್ಕೆ ಇಳಿಸುತ್ತದೆ. ಯಾವ ಡಬ್ಬ ಅನ್ನುವುದೇ ಪ್ರಶ್ನೆ. ಪ್ರಶ್ನೆ ಇದ್ದ ಕಡೆ ಕ್ಲಬ್ಬಿನವರು ಇರುತ್ತಾರೆ, ಸಕ್ಕರೆ ಇದ್ದ ಕಡೆ ಇರುವೆ ಇದ್ದ ಹಾಗೆ.

ಕ್ಲಬ್ಬು ಸೇರುವುದು ಭಾನುವಾರ, ಬೆರಳಚ್ಚು ಶಾಲೆಯ ಮೇಲಿನ ಕೋಣೆಯಲ್ಲಿ. ಅಧ್ಯಕ್ಷರು ಹಲ್ಲು ಡಾಕ್ಟರು. ಜನ ಬಾಯಿ ತೆರೆದುಕೊಂಡು ತಮ್ಮ ಮುಂದೆ ಮಲಗಿ, ಎದುರು ಮಾತಾಡಲಾರದ ಸ್ಥಿತಿಯಲ್ಲಿ ತಮ್ಮ ಮಾತು ಕೇಳುವುದನ್ನು ಅವರು ದಿನವಿಡೀ ಅಭ್ಯಾಸ ಮಾಡಿಕೊಂಡಿದ್ದರು. ಭಾನುವಾರವೂ ಅದನ್ನೇ ನಿರೀಕ್ಷಿಸುತ್ತಿದ್ದರು. ಅವರ ಮನೆಯಲ್ಲಿ ಒಂಬತ್ತು ಸೆಟ್ಟುಗಳಿದ್ದವು. ಮಾತಾಡಲು ಹೆಚ್ಚೇನೂ ಇರಲಿಲ್ಲ.

"ಅಲ್ಲಮ್ಮಾ, ಟ್ರಾನ್ಸ್‌ವರ್ಟರ್ ಯಾಕೆ? ಎಲ್ಲಾ ಬ್ಯಾಂಡೂ ಇರೋ ಹೊಸ ಸೆಟ್ಟೇ ತಗೊಂಡುಬಿಡಿ."

"ಮೂಗಿಗಿಂತ ಮೂಗುತಿ ಭಾರ ಆಗುತ್ತೆ ಡಾಕ್ಟ್ರೇ. ನನಗೆ ಬೇಕಿರೋದು ಒಂದು ಬ್ಯಾಂಡು, ಒಂದು ಹೊತ್ತು, ಒಬ್ಬಳೇ ಒಬ್ಬಳು."

ಅಷ್ಟು ಹೊತ್ತಿಗೆ ಬ್ಯಾಂಕಿನ ಕ್ಯಾಷಿಯರು ಬಾಯಿ ಹಾಕಿದ. ಅವನನ್ನು ಎಲ್ಲರೂ ಲಿಂಕು ಎಂದೇ ಕರೆಯುತ್ತಿದ್ದದ್ದು. ಏನು ಕೇಳಿದರೂ ಉತ್ತರ ಹೇಳದೆ ಇಂಟರ್ನೆಟ್ಟಿನ ಲಿಂಕು ಕಳಿಸುವವನು. ತಾನು ಕಟ್ಟಿದ್ದು ಒಂದೂ ಇಲ್ಲ, ಬೇರೆಯವರು ಕಟ್ಟಿದ್ದರ ಬಗ್ಗೆ ಅಭಿಪ್ರಾಯ ಇಲ್ಲದ್ದೂ ಒಂದೂ ಇಲ್ಲ.

"ಮೇಡಂ, ಇದು ನೋಡಿ. ಅಂಗೈಯಗಲದ ಬೋರ್ಡು. ಇಪ್ಪತ್ತು ವ್ಯಾಟ್ ಕೊಡುತ್ತಂತೆ. ನಾಲ್ಕು ಸಾವಿರ ಜನ ಸ್ಟಾರ್ ಕೊಟ್ಟಿದಾರೆ."

ಮಷೀನಕ್ಕ ಅವನ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಚಿತ್ರ ದೊಡ್ಡದು ಮಾಡಿದಳು. "ಇಪ್ಪತ್ತು ವ್ಯಾಟಿನ ಬಿಸಿ ಹೋಗೋದಕ್ಕೆ ಇಟ್ಟಿರೋ ಲೋಹದ ತುಂಡು ಎಲ್ಲಪ್ಪಾ? ಇದಾ? ನನ್ನ ಬೆರಳಿನ ಉಗುರು ಇದಕ್ಕಿಂತ ದೊಡ್ಡದಿದೆ. ಹಿಂದುಗಡೆ ಫೋಟೋ ಎಲ್ಲಿ?"

"ಹಿಂದುಗಡೆದು ಹಾಕಿಲ್ಲ."

"ಯಾಕೆ ಹಾಕ್ತಾರೆ. ನಾಲ್ಕು ಸಾವಿರ ಜನದಲ್ಲಿ ಒಬ್ಬನಾದ್ರೂ ತಿರುಗಿಸಿ ನೋಡಿದಾನಾ ಕೇಳು."

ಲಿಂಕು ಇನ್ನೊಂದು ಲಿಂಕು ಹುಡುಕತೊಡಗಿದ. ಡಾಕ್ಟರು ಗಂಟಲು ಸರಿಮಾಡಿಕೊಂಡು, ತಮ್ಮ ಹತ್ತಿರವೇ ಒಂದು ಟ್ರಾನ್ಸ್‌ವರ್ಟರ್ ಇದೆಯೆಂದೂ, ಹೊಸ ಮಾದರಿ ಬರುತ್ತಿರುವುದರಿಂದ ಅದನ್ನು ಕೊಡಲು ಅಡ್ಡಿಯಿಲ್ಲವೆಂದೂ, ಮುಂದಿನ ಭಾನುವಾರ ಅವಳ ಸೆಟ್ಟನ್ನೇ ತಂದರೆ ಎಲ್ಲರೆದುರು ಜೋಡಿಸಿ ತೋರಿಸುವುದಾಗಿಯೂ ಅಪ್ಪಣೆ ಕೊಡಿಸಿದರು.

ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಲಿಫ್ಟ್ ಮೆಕ್ಯಾನಿಕ್ಕು ಆಗ ಏನೋ ಗೊಣಗಿದ. ಅವನ ಮಾತು ಯಾವಾಗಲೂ ಮೀಸೆಯೊಳಗೇ ಉಳಿದುಬಿಡುವಂಥದು. ಅವನೂ ಡಬ್ಬಗಳನ್ನು ಕಟ್ಟುತ್ತಿದ್ದ. ಬಿಸ್ಕತ್ತಿನ ಡಬ್ಬ, ಬಣ್ಣದ ಡಬ್ಬ, ಒಂದು ಸಲ ಲಿಫ್ಟಿನದೇ ಹಳೇ ಗುಂಡಿಪೆಟ್ಟಿಗೆ. "ಗುಜರಿಯವನು ಕೂಡ ಯೋಚನೆ ಮಾಡಿ ತಗೋತಾನೆ" ಎಂದು ಮಷೀನಕ್ಕ ಒಮ್ಮೆ ಅವನೆದುರೇ ಹೇಳಿದ್ದಳು. ಈಗಲೂ ಅವನತ್ತ ತಿರುಗಿ ನೋಡಲಿಲ್ಲ.

ಮುಂದಿನ ಭಾನುವಾರ ಗಂಡನ ಕೈಲಿ ಸೆಟ್ಟು ಹೊರಿಸಿಕೊಂಡು ಅವಳು ಹೋದಾಗ, ಡಾಕ್ಟರ ಡಬ್ಬ ಮೇಜಿನ ಮೇಲೆ ಮಖಮಲ್ಲಿನ ಬಟ್ಟೆಯ ಮೇಲೆ ಕೂತಿತ್ತು. ಮದುವೆ ಹೆಣ್ಣಿನ ಹಾಗೆ. ಥಳಕಿನ ಮುಖ, ನೀಲಿ ದೀಪ, ಮುಟ್ಟಿದರೆ ಬೆರಳ ಗುರುತು ಬೀಳುವಂಥ ಮೈ. ಮಷೀನಕ್ಕ ಅದನ್ನು ಎತ್ತಿ ಮಗುಚಿದಳು. ಡಾಕ್ಟರು ಹೌಹಾರಿದರು. ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಒಳಗೆ ಕೊಡಬೇಕಾದ್ದು ಹೆಚ್ಚೆಂದರೆ ಒಂದು ಮಿಲಿವ್ಯಾಟ್.

"ಇದಕ್ಕೆ ಪಿಸುಮಾತು ಬೇಕು ಡಾಕ್ಟ್ರೇ. ನನ್ನ ಸೆಟ್ಟು ಎಷ್ಟು ಮೆಲ್ಲಗೆ ಮಾತಾಡಿದ್ರೂ ಐದು ವ್ಯಾಟು. ಅಂದ್ರೆ ಐದು ಸಾವಿರ ಪಟ್ಟು."

"ನಾನು ಪವರ್ ಗುಂಡಿ ಕೆಳಗಿಳಿಸ್ತೀನಿ, ಮೈಕ್ ಗುಂಡೀನೂ ಇಳಿಸ್ತೀನಿ. ಆಗ ಬರೋದು ಏನೂ ಇರಲ್ಲ."

"ಇಳಿಸಿದ್ರೂ ಅದು ಬಾಯಿ ತೆರೆದ ಮೊದಲ ಕ್ಷಣ ಒಂದ್ಸಲ ಕಿರುಚಿಯೇ ತಣ್ಣಗಾಗೋದು. ಹಳೇ ಸೆಟ್ಟುಗಳ ಹುಟ್ಟುಗುಣ. ನಡುವೆ ಆ ಶಕ್ತಿ ಕುಡಿಯೋದಕ್ಕೆ ಏನಾದ್ರೂ ಹಾಕದೆ ಜೋಡಿಸಬೇಡಿ."

ಡಾಕ್ಟರು ಸುತ್ತಲಿನವರನ್ನು ನೋಡಿ ನಕ್ಕರು. ಹೆದರಿದ ರೋಗಿಗೆ ನಗುವ ನಗೆ ಅದು. "ಅಮ್ಮಾ, ಇದು ಹೊಲಿಗೆ ಮಷೀನಲ್ಲ."

ಮಷೀನಕ್ಕ ಒಂದು ಮಾತನ್ನು ಒಂದೇ ಸಲ ಹೇಳುವವಳು. ಅವಳು ಕುರ್ಚಿ ಎಳೆದುಕೊಂಡು ಕೂತಳು, ಕೈಕಟ್ಟಿದಳು. ತಡೆಯಬಹುದಿತ್ತು. ಮೇಜಿಗೂ ಅವಳಿಗೂ ಒಂದು ಮೊಳ ದೂರವಿತ್ತು. ಆದರೆ ನೋಡಬೇಕು ಅನ್ನುವ ಆಸೆ ಅವಳಲ್ಲಿ ತಡೆಯಬೇಕು ಅನ್ನುವುದಕ್ಕಿಂತ ಒಂದು ಕೂದಲೆಳೆ ಜಾಸ್ತಿ ಇತ್ತು.

ಡಾಕ್ಟರು ಎರಡೂ ಗುಂಡಿ ಇಳಿಸಿದರು. ತಂತಿ ಸಿಕ್ಕಿಸಿದರು. ಸ್ಪೀಕರಿನಲ್ಲಿ ಎರಡು ಮೀಟರಿನ ಸೊರ್ ಎನ್ನುವ ಸದ್ದು ಚೆನ್ನಾಗಿಯೇ ಬಂತು. "ಕೇಳಿದ್ರಾ? ಎಷ್ಟು ಸ್ವಚ್ಛ!" ಎಂದು ಮೈಕು ಎತ್ತಿಕೊಂಡು, ಗಂಟಲಲ್ಲಿ ಗಾಂಭೀರ್ಯ ತಂದುಕೊಂಡು "ಹಲೋ" ಎಂದರು. ಮೀಟರಿನ ಮುಳ್ಳು ಆಚೆ ತುದಿಗೆ ಹಾರಿ ಬಿತ್ತು. ಮೈಕಿನ ಗುಂಡಿ ಬಿಟ್ಟಾಗ ಸೊರ್ ಎನ್ನುವ ಸದ್ದು ಇರಲಿಲ್ಲ. ಹೊಗೆಯಿಲ್ಲ, ವಾಸನೆಯಿಲ್ಲ, ಟಪ್ ಎನ್ನುವುದೂ ಇಲ್ಲ. ನೀಲಿ ದೀಪ ಮಾತ್ರ ಏನೂ ಆಗಿಲ್ಲವೆನ್ನುವ ಹಾಗೆ ಉರಿಯುತ್ತಿತ್ತು, ಅದರ ಒಡೆಯನ ಮುಖದ ಹಾಗೆ.

"ನಿಮ್ಮ ಸೆಟ್ಟಲ್ಲೇ ಏನೋ ದೋಷ ಇದೆ" ಎಂದರು ಡಾಕ್ಟರು.

"ಇದೆ. ಕಿವುಡರ ಮುಂದೆ ಕೂಗೋ ದೋಷ. ನನ್ನದೂ ಅದೇ."

ಲಿಂಕು, ಇಂಥದ್ದು ಆಗುತ್ತದೆ ಎಂದು ಮೂರು ವರ್ಷದ ಹಿಂದೆಯೇ ಯಾರೋ ಬರೆದಿದ್ದ ಲಿಂಕನ್ನು ಆಗ ಕಳಿಸಿದ.

ಗೆದ್ದ ಖುಷಿ ಮನೆಯ ಮೆಟ್ಟಿಲು ಹತ್ತುವ ತನಕ ಇತ್ತು. ಸೆಟ್ಟನ್ನು ಮೂಲೆಯಲ್ಲಿಟ್ಟ ಗಂಡ ಬೆನ್ನು ನೇರ ಮಾಡಿಕೊಂಡು, "ಡಾಕ್ಟ್ರಿಗೆ ಒಳ್ಳೇ ಪಾಠ ಆಯ್ತು ಬಿಡು. ನಿಮ್ಮಕ್ಕಂಗೆ ಏನು ಹೇಳ್ತೀಯಾ?" ಎಂದ. ಅವಳು ಗೋಡೆಯ ಕ್ಯಾಲೆಂಡರು ನೋಡಿದಳು. ಆರು ದಿನ ಉಳಿದಿತ್ತು. ನಡುವೆ ಹಾಕಬೇಕಾದ್ದನ್ನು ಹಾಕಿದ್ದರೆ ಡಾಕ್ಟರ ಡಬ್ಬ ಸುಡುತ್ತಿರಲಿಲ್ಲ, ಅವಳಿಗೇ ಆಗುತ್ತಿತ್ತು. ಒಬ್ಬ ಮೂರ್ಖ ಬೀಳುವುದನ್ನು ನೋಡಲು ಅವಳು ತನ್ನ ಏಣಿಯನ್ನೇ ಕೊಟ್ಟಿದ್ದಳು.

ಎರಡು ದಿನ ಅಂಗಡಿಗೆ ಬಂದವರಿಗೆಲ್ಲ ಸುಖ ಇರಲಿಲ್ಲ. ಮೂರನೆಯ ದಿನ ಅವಳು ಚಪ್ಪಲಿ ಮೆಟ್ಟಿಕೊಂಡು ಲಿಫ್ಟ್ ಮೆಕ್ಯಾನಿಕ್ಕಿನ ಮನೆಗೆ ಹೋದಳು.

ಅವನು ಆಶ್ಚರ್ಯಪಡಲಿಲ್ಲ. ಕಪಾಟಿನ ಕೆಳಗಿನಿಂದ ಒಂದು ಬಿಸ್ಕತ್ತಿನ ಡಬ್ಬ ಎಳೆದು ಮೇಜಿನ ಮೇಲೆ, ಮಗುಚಿಯೇ, ಇಟ್ಟ. ತಳದ ತಗಡು ತಿರುಪು ಬಿಚ್ಚಿ ತೆಗೆದ. ಮಷೀನಕ್ಕ ಕನ್ನಡಕ ಏರಿಸಿದಳು. ಹೊರಗೆ ಮಾಸಿದ ಬಿಸ್ಕತ್ತಿನ ಚಿತ್ರ. ಒಳಗೆ ಒಂದೊಂದು ಬೆಸುಗೆಯೂ ಸಾಸಿವೆ ಕಾಳಿನ ಹಾಗೆ ದುಂಡಗೆ, ತಂತಿಗಳು ಜಡೆ ಹೆಣೆದ ಹಾಗೆ. ಒಳಬರುವ ಬಾಯಿಯ ಹತ್ತಿರವೇ ಹೆಬ್ಬೆರಳು ಗಾತ್ರದ ಒಂದು ರೆಸಿಸ್ಟರು, ಅದರ ಬೆನ್ನಿಗೆ ದಪ್ಪ ಅಲ್ಯೂಮಿನಿಯಂ. ಹೊಗಳುವುದಕ್ಕೆ ಅವಳು ಎರಡು ಸಲ ಬಾಯಿ ತೆರೆದಳು. ಅಭ್ಯಾಸವಿರಲಿಲ್ಲ.

"ಇದು ಕಿರುಚಾಟ ಕುಡಿಯೋದಕ್ಕಾ?"

"ಹೂಂ. ಹತ್ತು ವ್ಯಾಟು ದಿನಾ ತಿಂದ್ಕೊಳ್ಳುತ್ತೆ. ಒಂದ್ ಕ್ಷಣ ನೂರು ಬಂದ್ರೂ ನುಂಗುತ್ತೆ." ಮೀಸೆಯಿಂದ ಮಾತು ಒಂದೊಂದಾಗಿ ಹೊರಬಂತು. "ಮೈಕ್ ಗುಂಡಿ ಒತ್ತಿದ್ದು ಡಬ್ಬಕ್ಕೂ ಗೊತ್ತಾಗಬೇಕು, ಈ ತಂತಿ ಮರೀಬೇಡಿ."

"ಇದನ್ನ ಆವತ್ತೇ ಯಾಕೆ ಹೇಳಲಿಲ್ಲ?"

"ಹೇಳ್ದೆ."

ಆ ಒಂದು ಪದದಲ್ಲಿ ಬೈಗುಳವೇನೂ ಇರಲಿಲ್ಲ. ಇದ್ದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

"ಒಂದೇ ಕೊರತೆ" ಎಂದ ಅವನು. "ಒಳಗೆ ತರಂಗದ ಜಾಗ ಗೊತ್ತುಮಾಡೋ ಹರಳು ಒಂಚೂರು ಪಕ್ಕಕ್ಕೆ ಕೂತಿದೆ. ಡಯಲ್ಲು ಒಂದು ತೋರಿಸುತ್ತೆ, ನೀವಿರೋದು ಇನ್ನೊಂದು ಕಡೆ. ಅಳೆಯೋ ಯಂತ್ರ ನನ್ನ ಹತ್ರ ಇಲ್ಲ. ಗೊತ್ತಿರೋ ದನಿ ಯಾವುದಾದ್ರೂ ಸಿಕ್ಕಿದಾಗ, ಕೇಳ್ತಾ ಕೇಳ್ತಾ ಈ ತಿರುಪು ತಿರುಗಿಸ್ಕೊಳ್ಳಿ."

ಬದಲಿಗೆ ಏನು ಬೇಕು ಎಂದಳು. ಒಳಕೋಣೆಯಲ್ಲಿ ಅವನ ಹೆಂಡತಿಯ ಹೊಲಿಗೆ ಮಷೀನು ಆರು ತಿಂಗಳಿಂದ ನೂಲು ಕಚ್ಚುತ್ತಿತ್ತು. ಮಷೀನಕ್ಕ ಅಲ್ಲೇ ನೆಲದ ಮೇಲೆ ಕೂತು ಅದನ್ನು ಸರಿಮಾಡಿ, ಕೊನೆಗೆ "ಡಬ್ಬ ಪರವಾಗಿಲ್ಲ" ಎಂದಳು. ಅವನ ಹೆಂಡತಿ ಆಮೇಲೆ ಬೀದಿಯವರಿಗೆಲ್ಲ ಆ ಮಾತು ಹೇಳಿಕೊಂಡು ಬಂದಳಂತೆ.

ಬಟ್ಟೆ ಒಣಹಾಕುವ ಅಲ್ಯೂಮಿನಿಯಂ ಕಂಬಿ ಕತ್ತರಿಸಿ ಅವಳು ಆಂಟೆನಾ ಮಾಡಿದಳು. "ಇನ್ನು ನನ್ನ ಅಂಗಿ ಎಲ್ಲಿ ಒಣಗ್ಬೇಕು?" ಎಂದು ಕೇಳುತ್ತಲೇ ಗಂಡ ಮಹಡಿಯ ಮೇಲೆ ಅದನ್ನು ಅಕ್ಕನ ಊರಿನ ಕಡೆ ತಿರುಗಿಸಿ ಕಟ್ಟಿದ.

ತಿಂಗಳ ಕೊನೆಯ ದಿನ. ಆರೂವರೆ. ಡಬ್ಬದ ತಳ ಬಿಚ್ಚಿಟ್ಟು, ಪ್ಲಾಸ್ಟಿಕ್ಕಿನ ಕ್ರೋಷಾ ಕಡ್ಡಿಯ ತುದಿ ಉಜ್ಜಿ ಮಾಡಿಕೊಂಡ ತಿರುಪುಳಿಯನ್ನು ಪಕ್ಕದಲ್ಲಿಟ್ಟುಕೊಂಡು ಅವಳು ಕರೆದಳು. ಸೊರ್ ಎನ್ನುವ ಸದ್ದು. ಮತ್ತೆ ಕರೆದಳು. ಡಯಲ್ಲನ್ನು ಅಷ್ಟಿಷ್ಟು ಆಚೆ ಈಚೆ ತಿರುಗಿಸಿ ಕರೆದಳು. ಆರೂ ಮೂವತ್ತೆಂಟಕ್ಕೆ ಸದ್ದಿನ ಅಡಿಯಿಂದ ಬಾತುಕೋಳಿ ಒದರಿದ ಹಾಗೆ ಏನೋ ಬಂತು. ಕರೆಸಂಕೇತ ಅಕ್ಕನದು.

"...ಎಂಟು ನಿಮಿಷ ತಡ. ಇರಬೇಕಾದ ಜಾಗಕ್ಕಿಂತ ಮೂರು ಕಿಲೋಹರ್ಟ್ಜ್ ಮೇಲೆ ಎಲ್ಲೋ ಕೂತಿದೀಯ. ನಾನು ಹುಡುಕ್ಕೊಂಡು ಬರಬೇಕಾಯ್ತು. ಈಗ ನನ್ನ ಜಾಗಕ್ಕೆ ವಾಪಸ್ ಹೋಗ್ತೀನಿ. ಅಲ್ಲಿಗೆ ಬಂದು ಸರಿಯಾಗಿ ನಿಂತ್ಕೊಂಡು ಮಾತಾಡು. ಓವರ್."

ಮಷೀನಕ್ಕ ಡಯಲ್ಲು ತಿರುಗಿಸಿ ಅಕ್ಕನ ಹಿಂದೆಯೇ ಹೋದಳು. "ಡಬ್ಬದ ಹರಳು ಪಕ್ಕಕ್ಕಿದೆ. ನಿನ್ನ ದನಿ ಕೇಳ್ಕೊಂಡು ಸರಿ ಮಾಡ್ಬೇಕು. ನಿಲ್ಲಿಸದೆ ಮಾತಾಡ್ತಿರು, ಐದು ನಿಮಿಷ. ಓವರ್."

"ಏನು ಮಾತಾಡ್ಲಿ? ಓವರ್."

"ಏನಾದ್ರೂ. ಓವರ್."

ಡಯಲ್ಲನ್ನು ಇರಬೇಕಾದ ಅಂಕಿಗೆ ತಂದು ನಿಲ್ಲಿಸಿ, ಕಡ್ಡಿಯನ್ನು ತಿರುಪಿಗೆ ಇಟ್ಟಳು. ಬಾತುಕೋಳಿ ಒಂದು ಎರಡು ಮೂರು ಎಂದು ಎಣಿಸಿತು. ಇಪ್ಪತ್ತಕ್ಕೆ ಬೇಜಾರಾಗಿ ಮೋಡಕ್ಕೆ ಬಂತು, ಮೋಡ ಮುಗಿದು ಗುಲಾಬಿ ಟ್ಯಾಂಕಿಗೆ ಬಂತು. ತಿರುಪು ಒಂದು ಕೂದಲಷ್ಟು ಸರಿದಂತೆ ಬಾತುಕೋಳಿಯ ಮೂಗು ಕಡಿಮೆಯಾಯಿತು. ಯಾರೋ ಹೆಂಗಸು ಆಯಿತು. ಅಕ್ಕನಂಥ ಹೆಂಗಸು ಆಯಿತು. ಇನ್ನೊಂದು ಕೂದಲು. ಅಕ್ಕ. ನಡುವಯಸ್ಸಿನಲ್ಲಿ ಒಡೆದು ಹಾಗೇ ಉಳಿದ ಆ ಗಂಟಲು, ಪ್ರತಿ ವಾಕ್ಯದ ಕೊನೆಯನ್ನು ಬಾಗಿಲು ಹಾಕಿದ ಹಾಗೆ ಮುಚ್ಚುವ ಆ ರೀತಿ. ಜಗತ್ತಿನ ಯಾವ ಯಂತ್ರಕ್ಕೂ ಅದು ಗೊತ್ತಿರಲಿಲ್ಲ.

"...ಮಂಡಿ ನೋವು ಹೋದ ತಿಂಗಳಿಂದ ಜಾಸ್ತಿ. ಆಪರೇಷನ್ನು ಅಂತಾರೆ. ನಾನು ಕಂಡ ಸರ್ಜನ್ನುಗಳಲ್ಲಿ ಯಾರ ಕೈಗೆ ಕೊಡಲಿ ಅಂತ ಯೋಚಿಸಿದ್ರೆ ನೋವೇ ವಾಸಿ ಅನ್ಸುತ್ತೆ. ಆಯ್ತಾ? ಓವರ್."

ಆಗಿತ್ತು. ಮಷೀನಕ್ಕ ಕಡ್ಡಿಯನ್ನು ಮೇಜಿನ ಮೇಲಿಟ್ಟಳು.

"ಇನ್ನೂ ಇದೆ. ಓವರ್."

ಅಕ್ಕ ಮುಂದುವರಿಸಿದಳು, ಅದೇ ಹತ್ತಿಪಟ್ಟಿ ಎಣಿಸುವ ದನಿಯಲ್ಲಿ: "ಮನೇಲಿ ಈಗ ನಾನು, ನಿನ್ನ ಭಾವ ಇಬ್ಬರೇ ಅಲ್ಲ, ಮೂವರಿದೀವಿ. ಮಗಳು ಬಂದು ಎರಡು ತಿಂಗಳಾಯ್ತು. ಇನ್ನು ಹೋಗಲ್ಲ. ರಾತ್ರಿ ಕೇಳಿದ್ಲು, ಚಿಕ್ಕಮ್ಮ ಈಗಲೂ ಮುಖಕ್ಕೆ ಹೊಡೆದ ಹಾಗೆ ಮಾತಾಡ್ತಾಳಾ ಅಂತ. ಅದು ಕಾಯಿಲೆ, ವಾಸಿ ಆಗೋದಲ್ಲ ಅಂದೆ. ಅವಳು ನಕ್ಕಳು. ನಕ್ಕು ಬಹಳ ದಿನ ಆಗಿತ್ತು. ಆಯ್ತೇನೇ? ಓವರ್."

ಒಳಬಾಗಿಲಲ್ಲಿ ಟೀ ಲೋಟ ಹಿಡಿದು ನಿಂತಿದ್ದ ಗಂಡ ಮೇಜಿನ ಮೇಲಿದ್ದ ಕಡ್ಡಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಅವಳು ಬಾಯಿ ಮೇಲೆ ಬೆರಳಿಟ್ಟು ಗದರಿಸಿದಳು.

"ಇನ್ನೊಂಚೂರು. ಓವರ್."

"ಒಂದು ತಿರುಪು ತಿರುಗಿಸೋಕೆ ಇಷ್ಟು ಹೊತ್ತಾ? ನಿನ್ನ ಕೈಗೆ ಮಷೀನು ಕೊಡೋರ ತಲೆ ಪರೀಕ್ಷೆ ಮಾಡಿಸಬೇಕು. ಅದಕ್ಕೇ ನಿನಗೆ ಎರಡು ಅಂಕ ಕಮ್ಮಿ ಬಂದಿದ್ದು" ಎಂದ ಅಕ್ಕ, ಉಸಿರು ತೆಗೆದುಕೊಂಡು, ಮಗಳಿಗೆ ಯಾವ ಕೆಲಸ ಹುಡುಕಿದರೆ ಒಳ್ಳೆಯದು ಎಂದು ಶುರುಮಾಡಿದಳು.